ಕೃತ್ತಿಕಾ ನಕ್ಷತ್ರದ ಹೆಣ್ಣುಮಗುವಿಗೆ ಗ್ರೀಕ್ ಪುರಾಣದ ಹೆಸರು: ಯಾವುದಾದೀತು?

ಪ್ರಶ್ನೆ (ಬಳ್ಳಾರಿಯಿಂದ)
ಹೆಣ್ಣುಮಗು. ಕೃತ್ತಿಕಾ ಒಂದನೇ ಪಾದ, ಅಕ್ಷರ ‘ಅ’. ಗ್ರೀಕ್ ಪುರಾಣದ ಹೆಸರು ಇಡೋ ಆಸೆ. ಪಟ್ಟಿಯಲ್ಲಿ ಉಳಿದಿರೋದು ಅರಿಯಾಡ್ನಿ, ಅಲ್ಸಿಯೋನಿ, ಮಾಯಾ. ಮೂರನೇದು ಅಕ್ಷರಕ್ಕೆ ಹೊಂದಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಉರ್ದು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಕಥೆ, ಉಚ್ಚಾರ, ಕಾಗದಪತ್ರ ಮೂರೂ ನೋಡಿ ಹೇಳ್ರಿ.

ಉತ್ತರ (ರಾಯಚೂರಿನಿಂದ)
ಬರೀ ಓದಿ ಆರಿಸಬ್ಯಾಡ್ರಿ, ಬಾಗಿಲಾಗ ನಿಂತು ಜೋರಾಗಿ ಕೂಗಿ ನೋಡ್ರಿ. ಅರಿಯಾಡ್ನಿ ಅಲ್ಲೇ ಸಿಕ್ಕಿಬೀಳ್ತದ. ‘ಡ್ನಿ’ ನಾಲಿಗಿಗೆ ಒಗ್ಗಂಗಿಲ್ಲ, ನಡುವ ಇಕಾರ ಸೇರಿ ‘ಅರಿಯಾಡಿನಿ’ ಆಗ್ತದ. ಪರದೇಶದ ಒತ್ತಕ್ಷರ ಒಡೆಯೋದು ಇಲ್ಲಿ ಬಾಳ ಹಳೇದು: ಅಶೋಕನ 13ನೇ ಶಿಲಾಶಾಸನದಾಗ ಅಲೆಕ್ಸಾಂಡರ್ ಅನ್ನೋ ಹೆಸರು ‘ಅಲಿಕಸುಂದರ’ ಆಗ್ಯದ. ಗ್ರೀಕ್ ಉಚ್ಚಾರಕ್ಕ ಹತ್ತಿರ ಇರ್ಲಿ ಅಂತ ‘ಅರಿಯಾದ್ನೆ’ ಅಂದ್ರ ಇನ್ನೂ ಕಷ್ಟ, ಸಾಲಿ ಹುಡುಗ್ರು ‘ಏನೂ ಅರಿಯದಾಕಿ’ ಅಂತಾರ. ಕಥಿ ಚಲೋ ಅದ. ನೂಲಿನ ಉಂಡಿ ಕೊಟ್ಟು ಥೀಸಿಯಸ್‌ನನ್ನ ದಾರಿ ತಪ್ಪಿಸೋ ಕಟ್ಟಡದಿಂದ ಪಾರು ಮಾಡಿದಾಕಿ. ಅವ ಆಕಿನ್ನ ನಾಕ್ಸೋಸ್ ದ್ವೀಪದಾಗ ಬಿಟ್ಟುಹೋದ, ಆಮ್ಯಾಲ ಡಯೊನೈಸಸ್ ದೇವರು ಲಗ್ನ ಆದ.

ಉತ್ತರ (ಸಂಡೂರಿನಿಂದ)
ಕೃತ್ತಿಕಾ ಅಂದಮೇಲೆ ಮಾಯಾ ಬಿಡಬೇಡಿ! ನಮ್ಮ ಕೃತ್ತಿಕಾ ಪುಂಜವೇ ಗ್ರೀಕರ ಪ್ಲೀಯಡೀಸ್, ಅಟ್ಲಾಸನ ಏಳು ಹೆಣ್ಣುಮಕ್ಕಳು. ಹಿರಿಯವಳು ಮಾಯಾ, ಹರ್ಮೀಸನ ತಾಯಿ. ಗ್ರೀಕಲ್ಲಿ ಆ ಪದಕ್ಕೆ ಸಾಕುತಾಯಿ, ಸೂಲಗಿತ್ತಿ ಅನ್ನೋ ಅರ್ಥವೂ ಇದೆ. ನಮ್ಮಲ್ಲಿ ಕುಮಾರಸ್ವಾಮಿಗೆ ಹಾಲೂಡಿಸಿದವರು ಕೃತ್ತಿಕೆಯರು, ಅದಕ್ಕೇ ಆತ ಕಾರ್ತಿಕೇಯ. ಸಂಡೂರಿನ ಕುಮಾರಸ್ವಾಮಿ ಗುಡಿಗೆ ನಡ್ಕೊಳ್ಳೋ ಮನೆಯಾದರೆ ಇದಿಷ್ಟು ಹೇಳಿದರೆ ಅಜ್ಜಿಯೂ ಒಪ್ಪಿಯಾರು. ಸಂಸ್ಕೃತದ ಮಾಯೆಗೂ ಇದಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಒಂದೇ.
ಅಲ್ಸಿಯೋನಿಯೂ ಆ ಏಳು ಮಂದಿಯಲ್ಲಿ ಒಬ್ಬಳು, ಪುಂಜದಲ್ಲಿ ಎಲ್ಲಕ್ಕಿಂತ ಹೊಳೆಯೋ ನಕ್ಷತ್ರಕ್ಕೆ ಅವಳದೇ ಹೆಸರು. ಆದರೆ ಆ ಹೆಸರಿನವಳು ಇನ್ನೊಬ್ಬಳಿದ್ದಾಳೆ: ಗಂಡ ಸಮುದ್ರದ ಪಾಲಾದ ಮೇಲೆ ಮಿಂಚುಳ್ಳಿಯಾದವಳು. ಕೇಳಿದವರಿಗೆಲ್ಲ ಯಾವ ಅಲ್ಸಿಯೋನಿ ಅಂತ ಬಿಡಿಸಿ ಹೇಳಬೇಕಾಗುತ್ತೆ.

ಉತ್ತರ (ಕೊಪ್ಪಳದಿಂದ)
ಕಾಗದದ ಮಾತು. ಜನನ ನೋಂದಣಿ ಆದ ದಿನದಿಂದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ತಡವಾದ ಶುಲ್ಕ. ಅವಸರ ಬೇಡ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನದ ದಾಖಲೆ ಈ ಪತ್ರವೇ, ಹಾಗಾಗಿ ಇಲ್ಲಿ ತಪ್ಪಿದರೆ ಮುಂದೆಲ್ಲ ತಪ್ಪು.
ಎಡವೋದು ಇಂಗ್ಲಿಷ್ ಕಾಗುಣಿತದಲ್ಲಿ. ಗ್ರೀಕ್ ಮಾಯಾ ಎಂ-ಎ-ಐ-ಎ. ಕನ್ನಡ ನೋಡಿ ಟೈಪ್ ಮಾಡೋರು ಎಂ-ಎ-ವೈ-ಎ ಅಂತ ಹೊಡೀತಾರೆ. ಅರ್ಜಿಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಬರೀರಿ, ಪ್ರಿಂಟ್ ತೆಗೆಯೋ ಮುಂಚೆ ಪರದೆ ಮೇಲೆ ಕನ್ನಡ, ಇಂಗ್ಲಿಷ್ ಎರಡೂ ಓದಿ ನೋಡ್ರಿ. ಆಧಾರ್ ಆಮೇಲೆ ಮಾಡಿಸ್ರಿ, ಅದರಲ್ಲಿ ಹೆಸರು ತಿದ್ದೋಕೆ ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಅಲ್ಸಿಯೋನಿಗೆ ಈ ಕಾಟ ಹೆಚ್ಚು: ಇಂಗ್ಲಿಷಲ್ಲಿ ಅದರ ‘ಸಿ’ಯನ್ನು ಒಬ್ಬರು ‘ಸ’ ಅಂತ, ಇನ್ನೊಬ್ಬರು ‘ಕ’ ಅಂತ ಓದ್ತಾರೆ.

ಪ್ರಶ್ನೆ ಕೇಳಿದವರು
ಹಂಗಾದ್ರೆ ‘ಅ’ ಅಕ್ಷರ?

ಉತ್ತರ (ರಾಯಚೂರಿನಿಂದ)
ತೊಟ್ಟಿಲಿಗಿ ಹಾಕೋವಾಗ ಸ್ವಾದರತ್ತಿ ಕಿವ್ಯಾಗ ‘ಅಲ್ಸಿಯೋನಿ’ ಅನ್ಲಿ, ಅಕ್ಷರ ಕೂಡ್ತದ. ದಾಖಲಿಗಿ ಅಕೀ ಅಕ್ಕನ ಹೆಸರು ಮಾಯಾ ಬರಸ್ರಿ. ಓಣ್ಯಾಗಿನ ಮೂರೂ ಭಾಷಿಯವರು ತಡವರಿಸದ ಕರೀತಾರ.