ಮೊದಲ ಬೇರು ಸೀಳಿ ನೋಡ್ರಿ ಕಾಕಾ

ಕಾಕಾ, ನೀವು ಹೇಳಿದ್ದು ಕೇಳಿದೆ. ಮೂರು ವರ್ಷ ಒಂದ ಎರಿ (ಕಪ್ಪು ಮಣ್ಣಿನ) ಹೊಲದಾಗ ಕಡಲಿ ಬಿತ್ತೀರಿ, ಈಗ ಅಲ್ಲಲ್ಲಿ ಒಣಗಾಕತ್ತೈತಿ, ಬರೋ ಹಿಂಗಾರಿಗೆ ಬಿಳಿ ಜ್ವಾಳ ಹಾಕಿದ್ರ ಹೊಲ ಸುಧಾರಸತೈತೇನು ಅಂತ ಕೇಳೀರಿ. ಅದನ್ನ ಬೇರು ನೋಡಿ ಹೇಳಬೇಕು.

ಒಣಗಾಕತ್ತಿದ ಗಿಡ ಕಿತ್ತು, ಬುಡದಾಗ ಉದ್ದಕ್ಕ ಸೀಳ್ರಿ. ನಡುವ ಕಂದು-ಕಪ್ಪು ಗೆರಿ ಇದ್ರ ಸಿಡಿ ರೋಗ. ಗೆರಿ ಇಲ್ಲ, ಕೂದಲ ಬೇರೂ ಇಲ್ಲ, ಕೀಳೂದ್ರಾಗ ತಾಯಿಬೇರು ಪಟ್ಟನ ಮುರದು ಮಣ್ಣಾಗ ಉಳೀತು ಅಂದ್ರ ಒಣ ಬೇರು ಕೊಳೆ.

ಸಿಡಿ ಆದ್ರ ಜ್ವಾಳ ಹಾಕ್ರಿ, ಅದಕ್ಕ ಈ ರೋಗ ಹತ್ತೂದಿಲ್ಲ. ಆದ್ರ ಒಂದ ವರ್ಷ ಬಿಟ್ಟು ಮತ್ತ ಕಡಲಿ ಅನಬ್ಯಾಡ್ರಿ, ಈ ರೋಗ ತರೂ ಶಿಲೀಂಧ್ರ ಕಡಲಿ ಇಲ್ದನೂ ಮಣ್ಣಾಗ ಐದಾರು ವರ್ಷ ಬದುಕತೈತಿ. ಮೂರು ವರ್ಷರ ಬಿಡ್ರಿ. ಆಮ್ಯಾಲೆ ಸಿಡಿ ತಡಕೊಳ್ಳೂ ಜೆಜಿ-11 ಕಡಲಿ ತಳಿ ಬಿತ್ರಿ, ಕಿಲೋ ಬೀಜಕ್ಕ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡಿಯೂ ಒಳ್ಳೆ ಶಿಲೀಂಧ್ರದ ಪುಡಿ) ಹಚ್ರಿ. ಎಕರೆಕ್ಕ ಇನ್ನ 2 ಕಿಲೋ ಟ್ರೈಕೋಡರ್ಮಾ ಒಂದು ಕ್ವಿಂಟಲ್ ಕಳಿತ ಗೊಬ್ಬರದಾಗ ಕಲಸಿ, ನೆರಳಾಗ ಹಸಿ ಗೋಣಿಚೀಲ ಮುಚ್ಚಿ ವಾರೊಪ್ಪತ್ತು ಇಟ್ಟು, ಕಡೀ ಹರಗೂದಕ್ಕ ಮೊದಲ ಚೆಲ್ರಿ.

ಬೇರು ಕೊಳೆ ಆದ್ರ ಜ್ವಾಳದಿಂದ ರೋಗ ತಪ್ಪೂದಿಲ್ಲ. ಜ್ವಾಳದ ದಂಟು ಒಳಗ ಕರ್ರಗಾಗಿ ತೆನಿ ತುಂಬೂ ಹೊತ್ತಿಗೆ ಬೆಳಿ ಮಲಗತೈತಲ್ಲ, ಅದೂ ಇದೂ ಒಂದ ಶಿಲೀಂಧ್ರ. ತೇವ ಆರಿ ಬಿಸಲು ಏರಿದಾಗ ಇದು ಜೋರಾಗತೈತಿ. ಅಕ್ಟೋಬರ್ ಮೊದಲ ಹದಿನೈದು ದಿನದಾಗ ಕಡಲಿ ಬಿತ್ತಿ, ಎಡಿ ಹೊಡದು ಬಿರುಕು ಮುಚ್ಚಿ, ತೇವ ಹಿಡದ ಇಟ್ಟಕೋಬೇಕು. ಬ್ಯಾರೆ ದಾರಿ ಕಡಿಮಿ.

ಜ್ವಾಳದ ವರ್ಷ ಮುಂಗಾರಿಗೆ ಹೆಸರುಕಾಳು ಹಾಕಬಹುದು. ಜೂನ್‌ದಾಗ ಎಕರೆಕ್ಕ 5-6 ಕಿಲೋ ಬೀಜ, 60-65 ದಿನಕ್ಕ ಹೊಲ ಖಾಲಿ, ಸೆಪ್ಟೆಂಬರ್ ನಡುವಿಂದ ಜ್ವಾಳ ಬಿತ್ತಾಕ ಬರತೈತಿ. ಗಿಡ ಬುಡಮಟ ಕೀಳಬ್ಯಾಡ್ರಿ, ಕೊಯ್ರಿ; ಬೇರು, ಉದರಿದ ಎಲಿ ಹೊಲದಾಗ ಉಳದಷ್ಟ ಲಾಭ, ಅದರಾಗಿನ ಸಾರಜನಕ ಮಣ್ಣಿಗೆ ಸೇರತೈತಿ; ಕಾಳಿನ ಕೂಡ ಹ್ವಾದದ್ದು ತಿರುಗಿ ಬರೂದಿಲ್ಲ. ಮಳಿ ಕೈಕೊಡೂ ಲಕ್ಷಣ ಇದ್ರ ಮಾತ್ರ ಹೆಸರು ಬ್ಯಾಡ, ಜ್ವಾಳದ ತೇವ ಅದ ಕುಡದ ಹೋಗತೈತಿ.

ರೈಜೋಬಿಯಂ (ಬೇರಿನಾಗ ಗಂಟು ಕಟ್ಟಿ ಗಾಳಿ ಸಾರಜನಕ ಹಿಡಿಯೂ ಸೂಕ್ಷ್ಮಾಣು) ಪಾಕೀಟಿನ ಮ್ಯಾಲೆ ಯಾವ ಬೆಳಿಗೆ ಅಂತ ಬರದಿದ್ದು ನೋಡ್ರಿ. ಹೆಸರುಕಾಳಿಂದು ಕಡಲಿಗೆ ನಡಿಯೂದಿಲ್ಲ. ಬೆಲ್ಲದ ನೀರಾಗ ಕಲಸಿ ಬೀಜಕ್ಕ ಸವರಿ, ನೆರಳಾಗ ಆರಿಸಿ, ಅವತ್ತ ಬಿತ್ರಿ. ನಲವತ್ತು ದಿನಕ್ಕ ಬೇರಿನ ಗಂಟು ಒಡದು ನೋಡ್ರಿ, ಒಳಗ ಗುಲಾಬಿ ಬಣ್ಣ ಇದ್ರ ಕೆಲಸ ಮಾಡಾಕತ್ತೈತಿ.

ನಾಳೆ ನಾಕ ಕಡೆ ಗಿಡ ಕಿತ್ತು, ಸೀಳಿದ ಬುಡದ ಫೋಟೋ ಇಲ್ಲೇ ಹಾಕ್ರಿ.