ಸಹಾಯ ಬೇಕು: ಗೋರಿಕಲ್ಲಿನ ಮಾಸಿದ ಅಕ್ಷರ ಫೋಟೊದಲ್ಲಿ ಬರ್ತಿಲ್ಲ

ಕೆಜಿಎಫ್‌ನಲ್ಲಿ ಬ್ರಿಟಿಷರ ಕಾಲದ ಗೋರಿಗಳ ಫೋಟೊ ತೆಗೀತಾ ಇದೀವಿ. ವಿಷಯ ಸಾವು, ಹಾಗಾಗಿ ಸಂಕೇತಗಳೇ ಮುಖ್ಯ. ಬಟ್ಟೆ ಹೊದಿಸಿದ ಕಲಶ, ಮುರಿದ ಕಂಬ (ಒಡೆದುಹೋಗಿದ್ದಲ್ಲ, ಅಕಾಲ ಮರಣ ಅಂತ ಕೆತ್ತಿದ್ದೇ ಹಾಗೆ) ಚೆನ್ನಾಗೇ ಬರ್ತವೆ.

ತೊಂದರೆ ಒಂದು ಅಮೃತಶಿಲೆ ಫಲಕದ್ದು. ಮುಖ ಉತ್ತರಕ್ಕೆ, ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕಿರೋದರಿಂದ ದಿನವಿಡೀ ನೆರಳು. ಜೂನ್ ನಡುಹಗಲಿಗೆ ಓರೆಬಿಸಿಲು ಬೀಳುತ್ತೆ, ಅಲ್ಲೀವರೆಗೆ ಕಾಯೋಕಾಗಲ್ಲ. ಅಕ್ಷರದ ಆಳ ಒಂದು ಮಿಲಿಮೀಟರೂ ಇಲ್ಲ, ಎದುರಿಂದ ತೆಗೆದರೆ ಬರೀ ಬೂದು ಹಲಗೆ.

ಟ್ರೈಪಾಡ್, ಐಎಸ್‌ಒ 100, ಎಫ್/8 ಇಟ್ಟು, ಫ್ಲ್ಯಾಶ್ ಬಿಚ್ಚಿ ಎಡಬದಿಯಿಂದ ಕಲ್ಲಿಗೆ 10 ಡಿಗ್ರಿ ಓರೆಯಾಗಿ, ಒಂದಡಿ ದೂರದಿಂದ ಹೊಡೆದದ್ದಾಯ್ತು. ಅಕ್ಷರ ಎದ್ದು ಬಂತು, ಆದರೆ ಎಡಗಡೆ ಸುಟ್ಟ ಬಿಳಿ, ಬಲಗಡೆ ಕತ್ತಲು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗ ಆಗುತ್ತಲ್ಲ, ಅದಕ್ಕೇ. ಆರಡಿ ಹಿಂದಕ್ಕೆ ಒಯ್ಯೋಣ ಅಂದರೆ ಪಕ್ಕದ ಗೋರಿಯ ಕಬ್ಬಿಣದ ಬೇಲಿ ಅಡ್ಡ, ಸರಳುಗಳ ನೆರಳು ಅಕ್ಷರದ ಮೇಲೇ ಬೀಳುತ್ತೆ. ಸೀಮೆಸುಣ್ಣ ಉಜ್ಜಿ, ತಂತಿ ಬ್ರಷ್ ಹಾಕಿ ಅಂತ ದಯವಿಟ್ಟು ಹೇಳಬೇಡಿ, ಕಲ್ಲು ಹಾಳಾಗುತ್ತೆ.

ಎಡ, ಬಲ ಎರಡೂ ಕಡೆಯಿಂದ ಬೇರೆ ಬೇರೆ ತೆಗೆದು ಫೋಟೊಶಾಪಿನಲ್ಲಿ ಸೇರಿಸಿದರೆ ನೆರಳುಗಳು ಒಂದನ್ನೊಂದು ಅಳಿಸಿಹಾಕ್ತವಾ? ಇಲ್ಲಾ, ಫ್ಲ್ಯಾಶನ್ನ ಕೋಲಿಗೆ ಕಟ್ಟಿ ಮೇಲಿಂದ ಬೆಳಕು ಬಿಡೋದೇ ಸರಿಯಾ? ಮಾಡಿ ನೋಡಿದವರು ಹೇಳಿ.