ಸ್ನೇರ್ ಡ್ರಮ್ ಒಂದು ಕಡೆ ಟಣ್ ಅನ್ನುತ್ತೆ, ಇನ್ನೊಂದು ಕಡೆ ಡಬ್. ಏನ್ಮಾಡ್ಲಿ?

ಲಗ್ಗುಲಗ್ಗು
ಎಲ್ರಿಗೂ ನಮಸ್ಕಾರ. 14 ಇಂಚು ಸ್ನೇರು, ಆಳ 5.5, ಮೆಟಲ್ ಶೆಲ್, 10 ಲಗ್ (ಬಿಗಿ ಮಾಡೋ ರಾಡ್ ಕೂರೋ ಜಾಗ). ಮೇಲೆ ಹೊಸ ಕೋಟೆಡ್ ಹೆಡ್ (ಬಾರಿಸೋ ಹಾಳೆ) ಹಾಕಿದೀನಿ, ಸಿಂಗಲ್ ಪ್ಲೈ, ಅಂದ್ರೆ ಒಂದೇ ಪದರ. ಕೀ ಹಿಡ್ಕೊಂಡು ಎಷ್ಟು ತಿರುಗಿಸಿದ್ರೂ ಒಂದ್ಕಡೆ ರಿಂಗು ಇನ್ನೊಂದ್ಕಡೆ ಸತ್ತ ಸೌಂಡು, ಮೆಲ್ಲಗೆ ಬಾರಿಸಿದ್ರೆ ಕೆಳಗಿನ ಹೆಡ್ಡಿಗೆ ತಾಗಿರೋ ವೈರೇ ಕೇಳಲ್ಲ, ಅಂತ ವೈರ್ ಟೈಟ್ ಮಾಡಿದ್ರೆ ಇನ್ನೂ ಕೆಡುತ್ತೆ. ರಿಂಗ್ ತಗ್ಗಿಸೋ ಜೆಲ್ ತುಂಡು ಹೆಡ್ ಮೇಲೆ ಅಂಟಿಸಿ ಸುಮ್ನಾಗ್ಲಾ?

ಕೀಲಿಕೈ
ಜೆಲ್ ಕೊನೆಗೆ. ಟ್ಯೂನಿಂಗ್ ಸಮ ಇಲ್ದಿರೋ ಹೆಡ್ ಮೇಲೆ ಜೆಲ್ ಅಂಟಿಸಿದ್ರೆ ರಿಂಗ್ ಮುಚ್ಚುತ್ತೆ ಅಷ್ಟೇ, ಡಬ್ ಅನ್ನೋ ಕಡೆ ಡಬ್ಬೇ.

ವೈರ್ ಆಫ್ ಮಾಡಿ, ಮೇಲಿನ ರಾಡ್ ಎಲ್ಲಾ ಪೂರ್ತಿ ಸಡಿಲ ಬಿಡಿ, ಬೆರಳಲ್ಲೇ ಎಷ್ಟು ತಿರುಗುತ್ತೋ ಅಷ್ಟು ಬಿಗಿ ಮಾಡಿ. ಆಮೇಲೆ ಕೀಯಲ್ಲಿ ಅರ್ಧರ್ಧ ಸುತ್ತು, ಒಂದು ಲಗ್ ಆದ್ಮೇಲೆ ಅದರ ಎದುರಿಂದು, ಪಕ್ಕದ್ದಲ್ಲ. ಮಧ್ಯದಲ್ಲಿ ಅಂಗೈಯಿಂದ ಒಮ್ಮೆ ಒತ್ತಿ, ಹೆಡ್ ಕೂತ್ಕೊಳ್ಳುತ್ತೆ. ಈಗ ಮಧ್ಯಕ್ಕೆ ಬೆರಳು ಹಗುರವಾಗಿ ಇಟ್ಟು ಪ್ರತಿ ಲಗ್ಗಿಂದ ಒಂದಿಂಚು ಒಳಗೆ ತಟ್ಟಿ ಕೇಳಿ, ಯಾವುದು ಮೇಲಿದೆ ಯಾವುದು ಕೆಳಗಿದೆ ಗೊತ್ತಾಗುತ್ತೆ. ಮೇಲಿರೋದನ್ನ ಬೇಕಾದ್ದಕ್ಕಿಂತ ಕೆಳಗೆ ಇಳಿಸಿ ಮತ್ತೆ ಏರಿಸ್ತಾ ಬನ್ನಿ, ಬರೀ ಇಳಿಸಿ ಬಿಟ್ರೆ ಬಾರಿಸ್ತಾ ಬಾರಿಸ್ತಾ ಇನ್ನೂ ಇಳಿಯುತ್ತೆ.

ತಾಳತಪ್ಪಿ
ಮೇಲಿಂದು ಸರಿ, ಆದ್ರೆ ಕೆಳಗಿನ ಹೆಡ್ ಯಾರೂ ಮುಟ್ಟಲ್ಲ ನೋಡಿ, ನನ್ನ ಪ್ರಕಾರ ನಿಮ್ಮ ವೈರ್ ಸಮಸ್ಯೆ ಅಲ್ಲೇ ಇರೋದು. ಅದು ತುಂಬಾ ತೆಳು, ಮೇಲಿಂದು 10 ಮಿಲ್ (ಒಂದು ಮಿಲ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಇದ್ರೆ ಅದು ಸಾಮಾನ್ಯವಾಗಿ 3 ಮಿಲ್, ಕಡ್ಡಿಯಲ್ಲಿ ಹೊಡೀಬೇಡಿ. ಮೇಲಿನದಕ್ಕಿಂತ ಬಿಗಿ ಇರ್ಲಿ, ಸಡಿಲ ಇದ್ರೆ ಮೆತ್ತಗಿನ ಏಟಿಗೆ ವೈರ್ ಮಾತಾಡಲ್ಲ. ವೈರ್ ಕೂರೋ ಜಾಗದಲ್ಲಿ ಶೆಲ್ ಅಂಚು ಸ್ವಲ್ಪ ತಗ್ಗಾಗಿರುತ್ತೆ, ಅದರ ಅಕ್ಕಪಕ್ಕದ ಲಗ್‌ಗಳ ಸೌಂಡ್ ಸ್ವಲ್ಪ ಬೇರೆ ಬಂದ್ರೆ ತಲೆ ಕೆಡಿಸ್ಕೋಬೇಡಿ.

ವೈರ್‌ಗೆ: ಪೂರ್ತಿ ಸಡಿಲ ಮಾಡಿ ಹೆಡ್ ಅಂಚಲ್ಲಿ ಮೆಲ್ಲಗೆ ತಟ್ತಾ ತಟ್ತಾ ನಿಧಾನಕ್ಕೆ ಬಿಗಿ ಮಾಡಿ, ಗಿಜಿಗಿಜಿ ಹೋಗಿ ಸೌಂಡ್ ಕ್ಲೀನ್ ಆಯ್ತಾ, ಅಲ್ಲೇ ನಿಲ್ಸಿ. ಅದಕ್ಕಿಂತ ಬಿಗಿ ಮಾಡಿದ್ರೆ ಕುತ್ತಿಗೆ ಹಿಸುಕಿದಂಗೆ.

ಲಗ್ಗುಲಗ್ಗು
ಅಯ್ಯೋ ಕೆಳಗಿಂದು ನಿಜವಾಗ್ಲೂ ಬಟ್ಟೆ ಥರ ಜೋತಾಡ್ತಿತ್ತು 😅 ಬಿಗಿ ಮಾಡಿದ್ಮೇಲೆ ವೈರ್ ಬಂತು. ಟೆನ್ಷನ್ ಮೀಟರ್ ತಗೊಳ್ಳೋದು ಒಳ್ಳೇದಾ? ಮತ್ತೆ ಪಕ್ಕದ ಟಾಮ್ ಡ್ರಮ್ ಹೊಡೆದ್ರೆ ಸ್ನೇರ್ ಗಿರ್ರ್ ಅನ್ನೋದು ಹೋಗಿಲ್ಲ.

ಕೀಲಿಕೈ
ಮೀಟರ್ ಹೆಡ್ ಬಿಗಿ ಎಷ್ಟಿದೆ ಅಂತ ತೋರ್ಸುತ್ತೆ, ಸ್ವರ ಯಾವ್ದು ಅಂತ ಅಲ್ಲ. ಹೆಡ್ ಬದಲಾಯಿಸೋ ದಿನ ಬೇಗ ಹತ್ತಿರಕ್ಕೆ ತರೋಕೆ ಪರ್ವಾಗಿಲ್ಲ, ಕೊನೆಗೆ ಕಿವಿನೇ ಬೇಕು.

ತಾಳತಪ್ಪಿ
ಗಿರ್ರ್ ಪೂರ್ತಿ ಹೋಗಲ್ಲ ಸ್ವಾಮಿ, ಅದು ಸ್ನೇರಿನ ಜಾತಿಗುಣ. ಟಾಮ್ ಸ್ವರ ಸ್ನೇರ್ ಸ್ವರಕ್ಕೆ ಹತ್ತಿರ ಇದ್ರೆ ಜಾಸ್ತಿ ಆಗುತ್ತೆ, ಟಾಮ್ ಸ್ವಲ್ಪ ಏರಿಸಿಯೋ ಇಳಿಸಿಯೋ ನೋಡಿ. ಆಮೇಲೂ ರಿಂಗ್ ಉಳಿದ್ರೆ ಆಗ ಜೆಲ್ ಚಿಕ್ಕ ತುಂಡು ಅಂಚಲ್ಲಿ ಅಂಟಿಸಿ. ರಿಮ್‌ಶಾಟ್ (ಕಡ್ಡಿ ಹೆಡ್ಡಿಗೂ ಅಂಚಿನ ಬಳೆಗೂ ಒಟ್ಟಿಗೆ ತಾಗೋ ಏಟು) ಜಾಸ್ತಿ ಹೊಡೀತೀರಾ? ಹಾಗಿದ್ರೆ ನಿಮ್ಮ ಕಡೆ ಇರೋ ಲಗ್ ಮೊದ್ಲು ಸಡಿಲ ಆಗೋದು, ಬಾರಿಸೋ ಮುಂಚೆ ಅದನ್ನೊಂದು ತಟ್ಟಿ ಕೇಳಿ.